ಗುರುವಾರದ ಮೀಸೆ

‘ಹೆಂಡತಿಗೊಂದು ಹೊಸ ಹೆಸರು’ ಎಂಬ ಹಳೆಯ ಕಪ್ಪು-ಬಿಳುಪು ಚಿತ್ರವನ್ನು ಬೇರೆ ಊರಿನವರು ನೋಡಿದರೆ ಎರಡನೇ ರೀಲಿನಲ್ಲಿ ಬಿದ್ದು ಬಿದ್ದು ನಗುತ್ತಾರಂತೆ. ಅಲ್ಲಿ ನಾಯಕಿ ಸತ್ಯವತಿ ಕನ್ನಡಿಯ ಮುಂದೆ ಕೂತು ಎಡಗೆನ್ನೆಗೆ ಒಂದು ಮಚ್ಚೆ ಅಂಟಿಸಿಕೊಳ್ಳುತ್ತಾಳೆ, ಅಷ್ಟೆ. ಮರುದಿನ ಅವಳ ಗಂಡ ಗೋವರ್ಧನ ಪಾರ್ಕಿನಲ್ಲಿ ಅವಳನ್ನು ಕಂಡು, ಟೋಪಿ ತೆಗೆದು, “ತಾವು ಈ ಊರಿಗೆ ಹೊಸಬರೇ?” ಎಂದು ಕೇಳುತ್ತಾನೆ. ಆರು ವರ್ಷ ಜೊತೆಯಲ್ಲಿ ಉಂಡ ಹೆಂಡತಿಯ ಗುರುತು ಒಂದು ಮಚ್ಚೆಗೆ ತಪ್ಪಿಹೋಗುವುದುಂಟೆ ಎಂದು ಅವರಿಗೆ ನಗು. ನಮ್ಮೂರಿನಲ್ಲಿ ಆ ಜಾಗದಲ್ಲಿ ಯಾರೂ ನಗುವುದಿಲ್ಲ. ಮಚ್ಚೆ ಇಟ್ಟುಕೊಂಡ ಮೇಲೆ ಗುರುತು ಹೇಗೆ ಸಿಗುತ್ತದೆ? ನಾವು ನಗುವುದು ಅದಾದ ಮೇಲೆ, ಗೋವರ್ಧನ ತನಗಿನ್ನೂ ಮದುವೆಯಾಗಿಲ್ಲ ಎಂದು ಸ್ವಂತ ಹೆಂಡತಿಗೇ ಆಣೆ ಇಟ್ಟು ಹೇಳುವಾಗ.

ನಮ್ಮೂರಿನ ಕರೀಮಾಬಿಯ ಬಳೆ ಅಂಗಡಿಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇದೆ. ಮಚ್ಚೆ, ಮೀಸೆ, ಗಡ್ಡ ಮೂರೂ ಅದರಲ್ಲಿ ಸಿಗುತ್ತವೆ. ಅಂಟಿಸಿಕೊಂಡರೆ ಮುಗಿಯಿತು, ಮುಖವೂ ಬೇರೆ, ದನಿಯೂ ಬೇರೆ, ಹೆತ್ತ ತಾಯಿಗೂ ಗುರುತು ಸಿಗದು. ಮುತ್ತಜ್ಜಂದಿರ ಕಾಲದಿಂದಲೂ ಹೀಗೇ ಇರುವುದರಿಂದ ಊರು ಅದಕ್ಕೆ ಹೊಂದಿಕೊಂಡಿದೆ. ಡಾಕ್ಟರ ಬಾಗಿಲಲ್ಲಿ ‘ಮಚ್ಚೆ ತೆಗೆದು ಒಳಗೆ ಬನ್ನಿ’ ಎಂದು ಬರೆದಿದೆ. ಧಾರೆಗೆ ಮುಂಚೆ ಹೆಣ್ಣಿನ ಸೋದರಮಾವ ವರನ ಮೀಸೆಯನ್ನು ಮೂರು ಸಲ ಎಳೆದು ನೋಡುವುದು ನಮ್ಮಲ್ಲಿ ಶಾಸ್ತ್ರ. ನನ್ನ ಮದುವೆಯಲ್ಲಿ ಎಳೆದಾತ ಪೈಲ್ವಾನ, ಒಂದು ವಾರ ನನಗೆ ಮೂಗಿನ ಕೆಳಗೆ ಊತವಿತ್ತು. ಉಳಿದಂತೆ ಯಾರಿಗೂ ಹೆಚ್ಚು ತೊಂದರೆ ಇಲ್ಲ. ಶನಿವಾರ ಸಂಜೆ ಗಡ್ಡದವನೊಬ್ಬ ಬಜ್ಜಿ ಅಂಗಡಿಯ ಮುಂದೆ ನಿಂತು ಹನ್ನೆರಡು ಬಜ್ಜಿ ತಿನ್ನುತ್ತಾನೆ. ಅದೇ ಹೊತ್ತಿಗೆ ನಮ್ಮ ಹೆಡ್‌ಮಾಸ್ಟರು ಊರಿನಲ್ಲಿ ಎಲ್ಲೂ ಇರುವುದಿಲ್ಲ. ಈ ಎರಡು ಸಂಗತಿಗಳನ್ನು ಸೇರಿಸಿ ಮಾತಾಡುವುದು ಮರ್ಯಾದೆಯಲ್ಲ.

ಅದಕ್ಕಿಂತ ದೊಡ್ಡ ತಪ್ಪೆಂದರೆ ಇನ್ನೊಬ್ಬರ ಮೀಸೆಗೆ ಕೈಹಾಕುವುದು. ಹಿಂದೊಮ್ಮೆ ದರ್ಜಿಯೊಬ್ಬ ಮಾರುಕಟ್ಟೆಯಲ್ಲಿ ಯಾರದೋ ಗಡ್ಡ ಕಿತ್ತ. ಒಳಗಿದ್ದದ್ದು ಅವನ ಮಾವನೇ. ಅಂದಿನಿಂದ ದರ್ಜಿಗೆ ಯಾರೂ ನಮಸ್ಕಾರ ಹೇಳಲಿಲ್ಲ, ಯಾರೂ ಬಟ್ಟೆ ಕೊಡಲಿಲ್ಲ. ವರ್ಷ ತುಂಬುವುದರೊಳಗೆ ಹೊಲಿಗೆ ಯಂತ್ರವನ್ನು ಗಾಡಿಗೆ ಏರಿಸಿಕೊಂಡು ಊರು ಬಿಟ್ಟ. ಇದನ್ನು ಇಲ್ಲೇ ಹೇಳಿಬಿಟ್ಟಿದ್ದೇನೆ, ಯಾಕೆಂದರೆ ನಾನು ಮಾಡಲು ಹೊರಟಿದ್ದೂ ಅದನ್ನೇ.

ನಾನು ವೆಂಕೋಬ, ಭುಜಂಗಯ್ಯನವರ ಟಾಕೀಸಿನಲ್ಲಿ ಆಪರೇಟರ್. ಇಪ್ಪತ್ತೆರಡು ವರ್ಷದಿಂದ ಪ್ರತಿ ಗುರುವಾರ ಮ್ಯಾಟನಿಗೆ ಈ ಒಂದೇ ಚಿತ್ರವನ್ನು ಓಡಿಸುತ್ತಿದ್ದೇನೆ. ಬೇರೆ ದಿನಗಳಲ್ಲಿ ಬೇರೆ ಚಿತ್ರಗಳು ಬರುತ್ತವೆ, ಹೋಗುತ್ತವೆ. ಇದರ ಪ್ರಿಂಟು ಮಾತ್ರ ಒಮ್ಮೆ ಬಂದದ್ದು ವಾಪಸು ಹೋಗಲಿಲ್ಲ, ಊರು ಬಿಟ್ಟುಕೊಡಲಿಲ್ಲ. ಸಾವಿರ ಸಲ ನೋಡಿದ ಮೇಲೂ ಹೇಳುತ್ತೇನೆ, ಆ ನಟಿಯಂಥವಳು ಇನ್ನೊಬ್ಬಳಿಲ್ಲ. ಮಚ್ಚೆಯನ್ನು ಮೊದಲು ಹಣೆಗೆ ಇಟ್ಟು ನೋಡುತ್ತಾಳೆ, ಆಮೇಲೆ ಗದ್ದಕ್ಕೆ, ಕೊನೆಗೆ ಕೆನ್ನೆಗೆ. ಕೆನ್ನೆಗೆ ಇಟ್ಟ ಕೂಡಲೇ ಅವಳ ಕತ್ತು ಅರ್ಧ ಇಂಚು ಉದ್ದವಾಗುತ್ತದೆ. ಅದನ್ನು ಹೇಗೆ ಮಾಡಿದಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆಮೇಲೆ ಅವಳು ಸತ್ಯವತಿಯಲ್ಲ, ಮಿಸ್ ಮಂದಾರ. ಗಂಡ ಅವಳ ಹಿಂದೆ ಬೀಳುತ್ತಾನೆ, ಹೆಂಡತಿಗೆ ತಂದ ಸೀರೆಯನ್ನೇ ಅವಳಿಗೆ ಕೊಡುತ್ತಾನೆ. ಒಂದು ದಿನ ಹೋಟೆಲಿನಲ್ಲಿ ಕೂತು, “ನನ್ನ ಮನೆಯಲ್ಲಿ ಒಬ್ಬಳು ಅಡುಗೆಯವಳಿದ್ದಾಳೆ, ಅವಳಿಗೆ ನಗುವುದಕ್ಕೇ ಬರುವುದಿಲ್ಲ” ಎನ್ನುತ್ತಾನೆ. ಆಗ ಅವಳು ನಗುತ್ತಾಳೆ. ನಗುತ್ತ ನಗುತ್ತ ಕಣ್ಣು ತುಂಬುತ್ತದೆ, ನಗು ನಿಲ್ಲುವುದಿಲ್ಲ. ಅಲ್ಲಿ ನಾನು ಪ್ರತಿ ವಾರ ಯಂತ್ರದ ಮೇಲೆ ಕೈಯಿಟ್ಟು ಸುಮ್ಮನೆ ನಿಲ್ಲುತ್ತೇನೆ.

ಇಷ್ಟೆಲ್ಲ ನೋಡಿದವನು ಮನೆಯಲ್ಲಿ ಏನು ನೋಡಿದ ಎಂದು ಕೇಳಬೇಡಿ. ದೀಪದ ಬುಡದಲ್ಲಿ ಕತ್ತಲು ಎಂಬ ಮಾತಿಗೆ ನನ್ನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮನೆಯಲ್ಲಿ ನಾನು, ಹೆಂಡತಿ ವನಮಾಲಾ, ಅಮ್ಮ ತುಂಗಮ್ಮ, ಮತ್ತೆ ಒಂದು ಕಂಬ. ಕಂಬವನ್ನು ಯಾಕೆ ಲೆಕ್ಕಕ್ಕೆ ಹಿಡಿದೆನೆಂದರೆ, ಅಮ್ಮ ಸೊಸೆಯೊಡನೆ ಮಾತಾಡುತ್ತಿರಲಿಲ್ಲ, ಕಂಬದೊಡನೆ ಮಾತಾಡುತ್ತಿದ್ದರು. “ಸಾರಿಗೆ ಉಪ್ಪು ಕಮ್ಮಿಯಾಗಿದೆ ಅಂತ ಈ ಮನೇಲಿ ಯಾರಿಗಾದರೂ ಗೊತ್ತಿದೆಯೋ?” ಎಂದು ಕಂಬವನ್ನು ಕೇಳುವರು. ಸ್ವಲ್ಪ ಹೊತ್ತಿಗೆ ಉಪ್ಪಿನ ಬಟ್ಟಲು ಸದ್ದಿಲ್ಲದೆ ಬಂದು ಅವರ ಎಲೆಯ ಪಕ್ಕ ಕೂರುವುದು. ಜಗಳ ಏನೂ ಆಗಿರಲಿಲ್ಲ. ಮೊದಲ ವರ್ಷ ಇಬ್ಬರೂ ನಾಚಿಕೊಂಡರು, ಎರಡನೆಯ ವರ್ಷ ಬಿಗುಮಾನ ಬಂತು, ಆಮೇಲೆ ಅದೇ ಅಭ್ಯಾಸವಾಯಿತು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು.

ವನಮಾಲಾ ಗುರುವಾರ ಗುರುವಾರ ಮ್ಯಾಟನಿಗೆ ಬರುವುದು ನನಗೆ ಗೊತ್ತಿತ್ತು. ಆಪರೇಟರನ ಹೆಂಡತಿಗೆ ಟಿಕೆಟ್ ಇಲ್ಲ, ಬರುತ್ತಾಳೆ ಎಂದುಕೊಂಡಿದ್ದೆ. ಬೆಂಡೆಕಾಯಿ ಬಣ್ಣದ ಸೀರೆ ಉಟ್ಟು ಮಲ್ಲಿಗೆ ಮುಡಿದು ಬರುತ್ತಾಳೆ ಎಂಬುದನ್ನು ಭುಜಂಗಯ್ಯನವರು ಹೇಳಿದ ಮೇಲೆಯೇ ನಾನು ಗಮನಿಸಿದ್ದು. ಭುಜಂಗಯ್ಯನವರು ಟಾಕೀಸಿನ ಧಣಿಯಾದರೂ ಗೇಟಿನಲ್ಲಿ ತಾವೇ ನಿಂತು ಟಿಕೆಟ್ ಹರಿಯುತ್ತಾರೆ. ಒಂದು ಗುರುವಾರ ಚಿತ್ರ ಓಡುತ್ತಿದ್ದಾಗ ಕಬ್ಬಿಣದ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದು, ಇಲ್ಲದ ಧೂಳನ್ನು ಒರೆಸುತ್ತ ನಿಂತರು.

“ವೆಂಕೋಬ, ಹೇಳಬಾರದು. ಆದರೆ ಹೇಳದೆ ಇದ್ದರೆ ನನಗೆ ಊಟ ಸೇರಲ್ಲ” ಎಂದರು.

“ಹೇಳಿ ಧಣಿ.”

“ನಿನ್ನ ಹೆಂಡತಿ ಪಕ್ಕದ ಸೀಟಿನಲ್ಲಿ ಮೂರು ತಿಂಗಳಿಂದ ಒಬ್ಬನೇ ಮನುಷ್ಯ ಕೂರ್ತಿದ್ದಾನೆ. ಕರೀ ಕೋಟು, ಟೋಪಿ. ಮೀಸೆ ಕರೀಮಾಬಿ ಅಂಗಡೀದು, ನನಗೆ ಆ ಅಂಟು ಗೊತ್ತಾಗುತ್ತೆ. ಇಬ್ಬರೂ ಚೆನ್ನಾಗಿ ನಗ್ತಾರೆ ಕಣಯ್ಯ. ನಗೋದು ತಪ್ಪು ಅಂತ ನಾನು ಹೇಳ್ತಿಲ್ಲ.”

ಇಷ್ಟು ಹೇಳಿ, ತಲೆಗೆ ಹುಳ ಬಿಟ್ಟು, ಊಟ ಸೇರಿದವರ ಹಾಗೆ ಇಳಿದು ಹೋದರು. ನಾನು ಗೋಡೆಯ ತೂತಿನಿಂದ ಕೆಳಗೆ ನೋಡಿದೆ. ಬೆಳಕು ಹೋಗುವ ತೂತಿನ ಪಕ್ಕದಲ್ಲಿ ಆಪರೇಟರ್ ನೋಡಲೆಂದು ಇನ್ನೊಂದು ತೂತು ಇರುತ್ತದೆ. ಇಪ್ಪತ್ತೆರಡು ವರ್ಷ ಅದರಿಂದ ಪರದೆಯನ್ನು ನೋಡಿದ್ದೆನೇ ಹೊರತು ಅದರ ಕೆಳಗೆ ಕೂತವರನ್ನು ನೋಡಿರಲಿಲ್ಲ. ಏಳನೇ ಸಾಲು, ಕಂಬದ ಪಕ್ಕ. ಅವಳ ಮಲ್ಲಿಗೆ ಕಂಡಿತು, ಪಕ್ಕದಲ್ಲಿ ಕರೀ ಟೋಪಿ ಕಂಡಿತು. ಪರದೆಯ ಮೇಲೆ ಗೋವರ್ಧನ ಬ್ರಹ್ಮಚಾರಿ ಎಂದು ಆಣೆ ಇಡುತ್ತಿದ್ದ. ಇವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಟೋಪಿ ಅವಳ ಕಡೆ ಬಾಗಿ ಏನೋ ಹೇಳಿತು, ಅವಳು ಇನ್ನೂ ಜೋರಾಗಿ ನಕ್ಕಳು. ನನ್ನ ಮನೆಯಲ್ಲಿ ಒಂಬತ್ತು ವರ್ಷದಲ್ಲಿ ಆ ನಗು ನಾನು ಕೇಳಿರಲಿಲ್ಲ. ಹೊಟ್ಟೆ ಉರಿಯಿತು ಎಂದು ಬರೆಯಲು ನನಗೆ ನಾಚಿಕೆ ಇಲ್ಲ, ಉರಿದದ್ದು ನಿಜ.

ಅಂದು ರಾತ್ರಿ ಊಟಕ್ಕೆ ಕೂತಾಗ, “ಸಿನಿಮಾ ಹೇಗಿತ್ತು?” ಎಂದೆ.

“ಅದೇ ಸಿನಿಮಾ ಅಲ್ವೇನ್ರೀ?” ಎಂದಳು.

“ಪಕ್ಕದಲ್ಲಿ ಯಾರು ಕೂತಿದ್ದರು?”

“ಒಬ್ಬರು ಮೇಷ್ಟ್ರು. ರಿಟೈರಾಗಿದ್ದಾರಂತೆ. ಪಾಪ, ಹಲ್ಲಿಲ್ಲ. ಕಡಲೆಕಾಯಿ ಬೀಜ ಕುಟ್ಟಿ ತಗೊಂಡು ಹೋಗಿ ಕೊಡ್ತೀನಿ.”

ಅಮ್ಮ ಕಂಬಕ್ಕೆ, “ಮಜ್ಜಿಗೆ” ಎಂದರು. ಮಜ್ಜಿಗೆ ಬಂತು.

ಬಚ್ಚಿಡದೆ ಹೇಳಿದಳಲ್ಲ ಎಂದು ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆ ಮೀಸೆಯ ಹಿಂದೆ ಇಪ್ಪತ್ತೈದರ ಹುಡುಗನೂ ಇರಬಹುದು. ಹಲ್ಲಿಲ್ಲದವನ ಹಾಗೆ ಬಾಯಿ ಆಡಿಸುವುದು ಯಾವ ದೊಡ್ಡ ವಿದ್ಯೆ? ಪ್ರತಿ ಗುರುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಒರಳಿನ ಸದ್ದು ಕೇಳಿದಾಗೆಲ್ಲ ಅದು ನನ್ನ ಎದೆಯಲ್ಲೇ ಕುಟ್ಟಿದ ಹಾಗಾಗುತ್ತಿತ್ತು. ನನಗೆಂದು ಅವಳು ಎಂದಾದರೂ ಕಡಲೆಕಾಯಿ ಕುಟ್ಟಿದ್ದಾಳೆಯೇ? ನನಗೆ ಹಲ್ಲಿದೆ, ಅದು ಬೇರೆ ವಿಷಯ. ಕರೀಮಾಬಿಯನ್ನು ಕೇಳೋಣವೆಂದು ಹೋದೆ. ಕರೀ ಮೀಸೆ ಯಾರು ಕೊಂಡರು ಎಂದು ಕೇಳುವ ಮೊದಲೇ ಆಕೆ, “ಬಳೆ ಬೇಕಾದರೆ ಕೂತ್ಕೋ, ಬೇರೇದು ಬೇಕಾದರೆ ಎದ್ದೇಳು” ಎಂದಳು. ಹೆಂಡತಿಯ ಕೈ ಅಳತೆ ಗೊತ್ತಿಲ್ಲದೆ ಅರ್ಧ ಡಜನ್ ಹಸಿರು ಬಳೆ ಕಟ್ಟಿಸಿಕೊಂಡು ಬಂದೆ. ಅವು ಅವಳಿಗೆ ಸರಿಯಾದವು. ಯಾಕೆ ತಂದದ್ದು ಎಂದು ಅವಳು ಕೇಳಲಿಲ್ಲ, ಎರಡು ದಿನ ಕೈ ಆಡಿಸಿ ಆಡಿಸಿ ಕೆಲಸ ಮಾಡಿದಳು.

ಐದು ಗುರುವಾರ ತಡೆದುಕೊಂಡೆ. ಆರನೆಯದಕ್ಕೆ ನಿಶ್ಚಯಿಸಿದೆ, ಇವತ್ತು ಆ ಮೀಸೆ ಕೀಳುವುದೇ. ಕೆಲಸ ಹೋಗಲಿ, ನಮಸ್ಕಾರ ಹೋಗಲಿ, ದರ್ಜಿ ಹೋದ ದಾರಿಯಲ್ಲಿ ನಾನೂ ಹೋಗುತ್ತೇನೆ. ಹೆಂಡತಿ ಇನ್ನೊಬ್ಬನವಳಾದ ಮೇಲೆ ಈ ಊರಿನಲ್ಲಿ ನನಗೆ ಯಾರ ನಮಸ್ಕಾರ ಬೇಕು?

ಚಿತ್ರ ಮುಗಿದ ಕೂಡಲೇ, ರೀಲು ಸುತ್ತುವುದನ್ನೂ ಬಿಟ್ಟು ಮೆಟ್ಟಿಲು ಇಳಿದೆ. ಅವಳು ಹೆಂಗಸರ ಗುಂಪಿನೊಡನೆ ಮುಂದಿನ ಬಾಗಿಲಿನಿಂದ ಹೊರಟು ತರಕಾರಿ ಪೇಟೆಯ ಕಡೆ ಹೋದಳು. ಕರೀ ಕೋಟು ಪಕ್ಕದ ಬಾಗಿಲಿನಿಂದ ಹೊರಬಂತು. ಕುಳ್ಳ ಮನುಷ್ಯ, ನಡಿಗೆ ಚುರುಕು. ಪಾನ್ ಅಂಗಡಿಯ ಮುಂದೆ ನಾಲ್ಕು ಮಾರು ದೂರದಲ್ಲಿದ್ದೆ, ಕೈ ಎತ್ತಿಯೂ ಆಗಿತ್ತು. ಅಷ್ಟರಲ್ಲಿ ಯಾರೋ, “ನಮಸ್ಕಾರ ವೆಂಕೋಬಣ್ಣ” ಎಂದರು. ಎತ್ತಿದ ಕೈಯಿಂದ ನಮಸ್ಕಾರ ಮಾಡಿದೆ. ಹಿಂಬಾಲಿಸಿದೆ. ಅವನು ಎಣ್ಣೆ ಗಾಣದ ಓಣಿಗೆ ತಿರುಗಿದ, ನಾನೂ ತಿರುಗಿದೆ. ಅಲ್ಲಿಂದ ಕುಂಬಾರಗೇರಿಯ ಹಿಂಭಾಗಕ್ಕೆ. ಇದು ನಮ್ಮ ಮನೆಯ ದಾರಿಯಲ್ಲವೇ ಎನ್ನಿಸುವ ಹೊತ್ತಿಗೆ ಅವನು ನನ್ನದೇ ಹಿತ್ತಲ ಬಾಗಿಲನ್ನು, ಅಗುಳಿ ಎಲ್ಲಿದೆ ಎಂದು ನೋಡದೆಯೇ, ಕೈ ತೂರಿಸಿ ತೆಗೆದು ಒಳಗೆ ಹೋದ.

ಎಂಥ ಎದೆಗಾರಿಕೆ! ನನ್ನ ಮನೆಯ ಅಗುಳಿಯೂ ಇವನ ಕೈಗೆ ಪಳಗಿದೆ ಎಂದರೆ ಇನ್ನೇನು ಉಳಿಯಿತು? ಒಳಗೆ ನುಗ್ಗಿದೆ. ಅವನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಗ್ಗಿ ನಿಂತಿದ್ದ. ನಾನು ಹಿಂದಿನಿಂದ ಭುಜ ಹಿಡಿಯುವ ಮೊದಲೇ ತನ್ನ ಮೀಸೆಯನ್ನು ತಾನೇ ಸುಲಿದು, ನೀರಿನಲ್ಲಿ ಅದ್ದಿ, ಸೀಗೆಪುಡಿ ಹಾಕಿ ಉಜ್ಜತೊಡಗಿದ. ಅಪ್ಪನ ಹಳೆಯ ಕರೀ ಕೋಟಿನಲ್ಲಿ, ಅಪ್ಪನ ಪಂಚೆಯಲ್ಲಿ ನಿಂತು ಮೀಸೆ ಒಗೆಯುತ್ತಿದ್ದವರು ನನ್ನ ಅಮ್ಮ.

“ಅಮ್ಮಾ?” ಎಂದೆ.

“ಕಿರುಚಬೇಡ. ಪಕ್ಕದ ಮನೆಯವರು ಅಟ್ಟದ ಮೇಲಿದ್ದಾರೆ” ಎಂದರು ಅಮ್ಮ, ಮೀಸೆಯನ್ನು ಹಿಂಡಿ ಕೊಡವುತ್ತ. “ಅವಳು ತರಕಾರಿ ತಗೊಂಡು ಬರೋಷ್ಟರಲ್ಲಿ ನಾನು ಸೀರೆ ಉಟ್ಟು ಹಾಲು ಕಾಯಿಸಬೇಕು. ಕೇಳೋದೇನಿದ್ದರೂ ಬೇಗ ಕೇಳು.”

ಕಲ್ಲಿನ ಮೇಲೆ ಕೂತೆ. ಅಮ್ಮನೇ ಹೇಳಿದರು.

“ಗುರುವಾರ ಬಂದರೆ ಇವಳು ಹೂ ಮುಡಿದುಕೊಂಡು ಹೋಗ್ತಾಳೆ. ಹಬ್ಬಕ್ಕೆ ಉಡದ ಸೀರೆ ಸಿನಿಮಾಕ್ಕೆ ಉಡ್ತಾಳೆ. ನಿನ್ನ ಕಣ್ಣಿಗೆ ಇದೆಲ್ಲ ಬೀಳೋದಿಲ್ಲ, ನೀನು ನಿಮ್ಮಪ್ಪನ ಮಗ. ಯಾವನನ್ನೋ ನೋಡೋಕೆ ಹೋಗ್ತಾಳೆ, ಹಿಡೀಬೇಕು ಅಂದುಕೊಂಡೆ. ಮೀಸೆ ತಂದೆ, ಹೋಗಿ ಪಕ್ಕದಲ್ಲೇ ಕೂತೆ. ಯಾರೂ ಬರಲಿಲ್ಲ. ಆದರೆ ರೀಲು ಮುಗಿದು ದೀಪ ಹತ್ತಿತಲ್ಲ, ಆಗ ಹಿಂದೆ ತಿರುಗಿ ಮೇಲೆ ನೋಡಿದಳು. ಎರಡನೇ ಸಲ ದೀಪ ಹತ್ತಿದಾಗಲೂ ಅಲ್ಲೇ ನೋಡಿದಳು. ಸಿಕ್ಕಿಬಿದ್ದಳು, ಯಾವನಪ್ಪ ಅವನು ಅಂತ ನಾನೂ ತಿರುಗಿದೆ. ನೋಡಿದರೆ ಗೋಡೇಲಿ ತೂತು. ತೂತಿನಲ್ಲಿ ನೀನು. ಬಗ್ಗಿಕೊಂಡು ರೀಲು ಏರಿಸ್ತಾ ಇದ್ದೆ, ಬರೀ ಬೋಳು ನೆತ್ತಿ ಕಾಣಿಸ್ತಿತ್ತು.”

ನಮ್ಮ ಟಾಕೀಸಿನಲ್ಲಿ ಇರುವುದು ಒಂದೇ ಪ್ರೊಜೆಕ್ಟರ್. ಆರು ದೊಡ್ಡ ರೀಲಿನ ಚಿತ್ರ, ನಡುವೆ ಐದು ಸಲ ದೀಪ ಹಾಕಿ ಹೊಸ ರೀಲು ಏರಿಸಬೇಕು. ಆ ಎರಡು ನಿಮಿಷ ನಾನು ತಲೆ ಎತ್ತುವುದಿಲ್ಲ. ಫಿಲ್ಮು ಹಲ್ಲಿಗೆ ಸರಿಯಾಗಿ ಕೂರದಿದ್ದರೆ ಹರಿಯುತ್ತದೆ. ನಾನು ತಲೆ ಎತ್ತಿ ತೂತಿನಿಂದ ನೋಡುವ ಹೊತ್ತಿಗೆ ದೀಪ ಆರಿ ಅವಳು ಪರದೆಯ ಕಡೆ ತಿರುಗಿರುತ್ತಾಳೆ. ವರ್ಷಕ್ಕೆ ಐವತ್ತೆರಡು ಗುರುವಾರ, ಗುರುವಾರಕ್ಕೆ ಐದು ಸಲ. ಒಂಬತ್ತು ವರ್ಷದ್ದನ್ನು ಕೂಡಲು ಹೊರಟೆ, ಆಗಲಿಲ್ಲ.

“ಮತ್ತೆ ಹೋಗೋದು ಯಾಕೆ ನೀವು? ಗೊತ್ತಾಯಿತಲ್ಲ” ಎಂದೆ.

“ಸಿನಿಮಾ ಚೆನ್ನಾಗಿದೆ” ಎಂದರು ಅಮ್ಮ. ಆಮೇಲೆ ಮೀಸೆಯನ್ನು ಬಿಸಿಲಿಗೆ ಹರವಿ, ನನ್ನ ಮುಖ ನೋಡದೆ ಹೇಳಿದರು: “ಅವಳು ಚೆನ್ನಾಗಿ ಮಾತಾಡ್ತಾಳೆ ಕಣೋ. ಇಲ್ಲಿ ನಾನು ಅತ್ತೆ, ಏನು ಹೇಳಿದರೂ ತಪ್ಪು ಎಣಿಸಿದ ಹಾಗಾಗುತ್ತೆ. ಅಲ್ಲಿ ನಾನು ಯಾರೋ ಮೇಷ್ಟ್ರು. ಅವರಮ್ಮ ಹೋದಾಗ ಇವಳಿಗೆ ಏಳು ವರ್ಷವಂತೆ. ನನಗೆ ಗೊತ್ತೇ ಇರಲಿಲ್ಲ. ಒಂಬತ್ತು ವರ್ಷ ಒಂದೇ ಒಲೆಯಲ್ಲಿ ಉಂಡಿದ್ದೀವಿ.” ಮೀಸೆಯನ್ನು ಮಗುಚಿ ಹಾಕುತ್ತ, “ನನ್ನ ಮೇಲೂ ಹೇಳಿದಳು, ನಮ್ಮತ್ತೆ ಕಂಬದ ಜೊತೆ ಮಾತಾಡ್ತಾರೆ ಅಂತ. ನಾನೂ ನಕ್ಕೆ” ಎಂದರು.

ಮೀಸೆ ಒಣಗಿದ ಮೇಲೆ ಅದು ಇಂಗಿನ ಡಬ್ಬಿಯೊಳಗೆ ಹೋಗುತ್ತದೆಂದು ಅಂದು ತಿಳಿಯಿತು. ಇಂಗನ್ನು ಅಮ್ಮನಲ್ಲದೆ ಬೇರೆ ಯಾರೂ ಮುಟ್ಟಬಾರದೆಂದು ನಮ್ಮ ಮನೆಯಲ್ಲಿ ಯಾಕೆ ಕಟ್ಟಳೆಯಾಗಿತ್ತೋ ಅದೂ ತಿಳಿಯಿತು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಇನ್ನೆರಡು ಹೆಜ್ಜೆ ಬೇಗ ನಡೆದಿದ್ದರೆ ನಡುಬೀದಿಯಲ್ಲಿ ಹೆತ್ತ ತಾಯಿಯ ಮೀಸೆ ಕಿತ್ತ ಮಗ ಎಂದು ಊರು ನನ್ನನ್ನು ನೆನೆಯುತ್ತಿತ್ತು. ಮುಂದಿನ ಗುರುವಾರ ಮೊದಲ ರೀಲು ಮುಗಿದು ದೀಪ ಹತ್ತಿದಾಗ ಹೊಸ ರೀಲನ್ನು ಕೈಯಲ್ಲೇ ಹಿಡಿದುಕೊಂಡು ತೂತಿನ ಹತ್ತಿರ ಮುಖ ತಂದೆ. ಏಳನೇ ಸಾಲಿನಿಂದ ಅವಳು ತಿರುಗಿ ನೋಡುತ್ತಿದ್ದಳು. ನನ್ನ ಕಣ್ಣು ಕಂಡ ಕೂಡಲೇ ಗಾಬರಿಯಾಗಿ ಜಡೆ ಸರಿಮಾಡಿಕೊಂಡಳು. ನಾನು ನಕ್ಕೆನೋ ಏನೋ, ತೂತು ಅಂಗೈಯಗಲ, ಅವಳಿಗೆ ಎಷ್ಟು ಕಂಡಿತೋ. ರೀಲು ಏರಿಸುವುದು ತಡವಾಗಿ ಜನ ಸಿಳ್ಳೆ ಹಾಕಿದರು. ಭುಜಂಗಯ್ಯನವರು ಕೆಳಗಿನಿಂದ ಕೂಗಿದರು. ಅಂದಿನಿಂದ ಎರಡು ತಿಂಗಳು ಪ್ರತಿ ಗುರುವಾರ ಐದು ಸಲ ತಡ, ಐದು ಸಲ ಸಿಳ್ಳೆ. ಮನೆಯಲ್ಲಿ ಈ ಬಗ್ಗೆ ನಾವು ಒಂದು ಮಾತೂ ಆಡಲಿಲ್ಲ. ನಾನು ಅಂಥ ಮಾತುಗಾರನಲ್ಲ.

ಆಮೇಲೆ ಒಂದು ಮಂಗಳವಾರ ಅಮ್ಮ ಅದೇ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಕಾಲು ಮುರಿದುಕೊಂಡರು. ಡಾಕ್ಟರು ಪಟ್ಟಿ ಹಾಕಿ, ಮೂರು ತಿಂಗಳು ಹಾಸಿಗೆ ಬಿಡಬಾರದು ಎಂದರು. ವನಮಾಲಾ ಅವರನ್ನು ಎತ್ತಿ ಕೂರಿಸುವಳು, ತಲೆ ಬಾಚುವಳು, ಅನ್ನವನ್ನು ಮೆತ್ತಗೆ ಕಲಸಿ ಇಡುವಳು. ಮಾತು ಮಾತ್ರ ಹಾಗೇ ಕಂಬದ ಮೂಲಕ. ಗುರುವಾರ ಬೆಳಗ್ಗೆ ಅಮ್ಮ ಕಂಬಕ್ಕೆ, “ಪಕ್ಕದ ಮನೆ ಸುಬ್ಬಕ್ಕ ಬಂದು ಕೂರ್ತಾಳೆ. ಸಿನಿಮಾಕ್ಕೆ ಹೋಗೋರು ಹೋಗಬಹುದು” ಎಂದರು. ಅವಳು ಒಳಗೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದು ದಿಂಬಿನ ಕೆಳಗಿನಿಂದ ಇಂಗಿನ ಡಬ್ಬಿ ತೆಗೆದರು.

“ನೀನು ಹೋಗು.”

“ನಾನು ಅಲ್ಲೇ ಇರ್ತೀನಲ್ಲ ಅಮ್ಮ, ಮೇಲೆ.”

“ಮೇಲಲ್ಲ. ಕೆಳಗೆ, ಮೇಷ್ಟ್ರ ಸೀಟಿಗೆ. ಪಾಪ, ಕುಟ್ಟಿಕೊಂಡು ಬಂದು ಕಾಯ್ತಾ ಕೂರ್ತಾಳೆ. ಹೇಳದೆ ಕೇಳದೆ ಹೋದ ಮನುಷ್ಯ ಅಂದುಕೊಳ್ಳಬಾರದು.” ಮೀಸೆಯನ್ನು ನನ್ನ ಅಂಗೈಗೆ ಹಾಕಿದರು. “ಹೆಚ್ಚು ಮಾತಾಡಬೇಡ. ಹೂಂ ಅಂದರೆ ಸಾಕು. ಅವಳು ನಗೋಕೆ ಮುಂಚೆ ನೀನು ನಗಬೇಡ, ನಿನಗೆ ಎಲ್ಲಾ ಮೊದಲೇ ಗೊತ್ತು ಅಂತ ಬಡಾಯಿ.”

ಭುಜಂಗಯ್ಯನವರು ಹಿಂದೆ ಆಪರೇಟರ್ ಆಗಿದ್ದವರೇ. ಗೇಟಿಗೆ ತಮ್ಮನನ್ನು ನಿಲ್ಲಿಸಿ ತಾವು ಯಂತ್ರ ನೋಡಿಕೊಳ್ಳುತ್ತೇನೆಂದರು. ಯಾಕೆ ಎಂದು ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಕರೀ ಕೋಟನ್ನು ನೋಡಿದರು, ಆಮೇಲೆ, ಬಜ್ಜಿ ಅಂಗಡಿಯ ಗಡ್ಡದವನ ವಿಷಯ ಬಂದಾಗೆಲ್ಲ ಮಾಡುವ ಹಾಗೆ, ಸೂರು ನೋಡಿದರು.

ಅಪ್ಪನ ಕೋಟು ನನಗೆ ಮೊಣಕೈ ಕೆಳಗೆ ನಾಲ್ಕು ಬೆರಳಷ್ಟೇ ಬರುತ್ತಿತ್ತು. ಮೀಸೆಯ ಇಂಗು ನೇರವಾಗಿ ಮೂಗಿಗೆ ಹೊಡೆಯುತ್ತಿತ್ತು. ಏಳನೇ ಸಾಲಿನಲ್ಲಿ ಅವಳು ಕೂತಿದ್ದಳು, ಬೆಂಡೆಕಾಯಿ ಬಣ್ಣದ ಸೀರೆ, ಹಸಿರು ಬಳೆ. ನಾನು ಕೂತಾಗ, “ಬನ್ನಿ ಮೇಷ್ಟ್ರೇ” ಎಂದು ಸೆರಗು ಒತ್ತರಿಸಿಕೊಂಡಳು. ಮದುವೆಯ ಮಂಟಪದಲ್ಲೂ ನನ್ನ ಎದೆ ಹಾಗೆ ಬಡಿದಿರಲಿಲ್ಲ. ಹೂಂ ಎಂದೆ.

ದೀಪ ಆರಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಚಿತ್ರವನ್ನು ಯಂತ್ರದ ಸದ್ದಿಲ್ಲದೆ ನೋಡಿದೆ. ಕನ್ನಡಿಯ ಮುಂದೆ ಕೂತಾಗ ಸತ್ಯವತಿ ಮೆಲ್ಲಗೆ ಏನೋ ಗುನುಗುತ್ತಾಳೆ, ಅದು ನನಗೆ ಗೊತ್ತೇ ಇರಲಿಲ್ಲ. ಗೋವರ್ಧನ ಆಣೆ ಇಟ್ಟಾಗ ವನಮಾಲಾ ನಕ್ಕಳು. ಪಕ್ಕದಿಂದ ಕೇಳಿದರೆ ಆ ನಗುವಿನ ಕೊನೆಯಲ್ಲಿ ಒಂದು ಸಣ್ಣ ಬಿಕ್ಕಳಿಕೆ ಇದೆ. ನಾನೂ ನಕ್ಕೆ, ಅವಳ ಹಿಂದೆಯೇ, ಅಮ್ಮ ಹೇಳಿದಂತೆ. ಸಾವಿರ ಸಲ ನೋಡಿದ ಜಾಗಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ಕಾಗದದ ಪೊಟ್ಟಣ ಬಿಚ್ಚಿ ನನ್ನ ಕಡೆ ಚಾಚಿದಳು. ಕತ್ತಲೆಯಲ್ಲಿ ಹಿಡಿ ತುಂಬ ತೆಗೆದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದೆ. ನಾಲ್ಕು ಸಲ ಅಗಿದ ಮೇಲೆ ಹೊಳೆಯಿತು, ಕಡಲೆಕಾಯಿ ಬೀಜ ಕುಟ್ಟಿರಲಿಲ್ಲ, ಇಡಿಯಾಗಿತ್ತು. ನಾನು ಹಲ್ಲಿಲ್ಲದ ಮೇಷ್ಟ್ರು. ಅಗಿಯುವುದನ್ನು ನಿಲ್ಲಿಸಿ, ಉಳಿದದ್ದನ್ನು ಕೆನ್ನೆಯೊಳಗೆ ಒತ್ತಿ ಇಟ್ಟುಕೊಂಡೆ. ಅವಸರದಲ್ಲಿ ಕುಟ್ಟುವುದನ್ನು ಮರೆತಿದ್ದಾಳೆ ಎಂದುಕೊಂಡೆ. ಮನೆಯಲ್ಲಿ ಅಷ್ಟು ಕೆಲಸ, ಮರೆಯದೆ ಏನು ಮಾಡಿಯಾಳು.

ಮೊದಲ ರೀಲು ಮುಗಿದು ದೀಪ ಹತ್ತಿದಾಗಲೇ ಅವಳು ತಿರುಗುತ್ತಾಳೆಂದು ಕಾದಿದ್ದೆ. ಹತ್ತಿರದಿಂದ ಆ ನೋಟ ನೋಡಬೇಕೆಂದು ಒಳಗೊಳಗೇ ಆಸೆಯಿತ್ತು. ಅವಳು ತಿರುಗಲಿಲ್ಲ. ಎರಡನೆಯದಕ್ಕೂ ತಿರುಗಲಿಲ್ಲ. ಇಂಟರ್ವಲ್ಲಿನಲ್ಲಿ ಬಳೆ ಸರಿಮಾಡಿಕೊಳ್ಳುತ್ತ ಎದುರಿನ ಖಾಲಿ ಪರದೆಯನ್ನೇ ನೋಡುತ್ತ ಕೂತಳು. ನನಗೆ ಹಳೆಯ ಹುಳ ಮತ್ತೆ ಹರಿದಾಡಿತು. ಒಂಬತ್ತು ವರ್ಷ ನೋಡಿದವಳಿಗೆ, ನಾನು ತಿರುಗಿ ನೋಡಲು ಶುರುಮಾಡಿದ ಎರಡೇ ತಿಂಗಳಿಗೆ ಸಾಕಾಯಿತೇ? ನನ್ನ ಮುಖವನ್ನು ಸರಿಯಾಗಿ ಕಂಡ ಮೇಲೆ ಬೋಳು ನೆತ್ತಿಯೇ ವಾಸಿ ಎನ್ನಿಸಿತೇ? ನಾಲ್ಕನೆಯ ಸಲ ದೀಪ ಹತ್ತಿತು, ತಿರುಗಲಿಲ್ಲ. ಐದನೆಯದಕ್ಕೂ ಅವಳ ಕತ್ತು ಅಲುಗದಿದ್ದಾಗ ಹೂಂ ಅಂದರೆ ಸಾಕು ಎಂಬ ಅಮ್ಮನ ಮಾತು ನನ್ನಿಂದ ಆಗಲಿಲ್ಲ.

“ಏನಮ್ಮಾ, ಇವತ್ತು ಒಂದು ಸಲಾನೂ ಹಿಂದೆ ತಿರುಗಿ ನೋಡಲಿಲ್ಲ?” ಎಂದೆ. ಮೀಸೆಯಿಂದಾಗಿ ದನಿ ಯಾರದೋ ಮುದುಕನದು.

ಅವಳು ಒಂದು ಬೀಜದ ಸಿಪ್ಪೆಯನ್ನು ಉಗುರಿನಿಂದ ನಿಧಾನವಾಗಿ ಬಿಡಿಸಿದಳು. “ಯಾಕೆ ನೋಡಲಿ ಮೇಷ್ಟ್ರೇ? ಇವತ್ತು ಅಲ್ಲಿ ಭುಜಂಗಯ್ಯನವರು ಇದ್ದಾರೆ” ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ದೀಪ ಆರಿತು. ಕೊನೆಯ ರೀಲು. ರೈಲ್ವೆ ಸ್ಟೇಷನ್ನಿನ ಕಾಯುವ ಕೋಣೆಯಲ್ಲಿ ಮಿಸ್ ಮಂದಾರ ಮಚ್ಚೆಯನ್ನು ಸುಲಿಯುತ್ತಾಳೆ, ಎದುರಿಗೆ ಸತ್ಯವತಿ ಕೂತಿರುತ್ತಾಳೆ. ಗೋವರ್ಧನ ತಲೆ ತಗ್ಗಿಸುತ್ತಾನೆ. ಅವಳು ಬೈಯುವುದಿಲ್ಲ. ಆ ಮಚ್ಚೆಯನ್ನು ತೆಗೆದು ಅವನ ಕೆನ್ನೆಗೆ ಅಂಟಿಸಿ, ಒಂದು ಹೆಜ್ಜೆ ಹಿಂದೆ ಸರಿದು, “ಯಾರು ಸ್ವಾಮಿ ತಾವು?” ಎಂದು ಕೇಳುತ್ತಾಳೆ. ನಮ್ಮೂರಿನಲ್ಲಿ ಆಗ ಯಾರೂ ಉಸಿರಾಡುವುದಿಲ್ಲ. ಇನ್ನು ಅವಳಿಗೆ ನಿಜವಾಗಿಯೂ ಅವನ ಗುರುತಿಲ್ಲ. ಅವನು ಏನು ಹೇಳಿದರೂ ನಡೆಯುತ್ತದೆ, ಹೊಸ ಹೆಸರು, ಹೊಸ ಊರು, ಬ್ರಹ್ಮಚಾರಿ. ಅವನು ಟೋಪಿ ತೆಗೆದು ಹೇಳುತ್ತಾನೆ: “ನನ್ನ ಹೆಸರು ಗೋವರ್ಧನ. ನನಗೆ ಮದುವೆಯಾಗಿದೆ.” ಇಡೀ ಟಾಕೀಸು ಚಪ್ಪಾಳೆ ತಟ್ಟಿತು. ನನಗೆ ತಟ್ಟಲಾಗಲಿಲ್ಲ, ಕತ್ತಲೆಯಲ್ಲಿ ಅಳುತ್ತಿದ್ದೆ, ಮೀಸೆಯ ಅಂಟು ಬಿಡುತ್ತದೆಂಬ ಭಯ ಬೇರೆ.

ಜನ ಏಳತೊಡಗಿದರು. ವನಮಾಲಾ ಎದ್ದು, ಸೆರಗು ಕೊಡವಿ, ಪೊಟ್ಟಣದಲ್ಲಿ ಉಳಿದಿದ್ದ ಬೀಜವನ್ನು ಮಡಿಸಿ ನನ್ನ ಕೋಟಿನ ಜೇಬಿಗೆ ಹಾಕಿದಳು. “ಬರ್ತೀನಿ” ಎಂದಳು. ಎರಡು ಹೆಜ್ಜೆ ಹೋಗಿ ನಿಂತು, ತಿರುಗದೆಯೇ ಹೇಳಿದಳು: “ಇಂಗಿನ ವಾಸನೆಯ ಆ ಮೇಷ್ಟ್ರಿಗೆ ಹೇಳಿ. ಕಾಲು ವಾಸಿಯಾಗಿ ಬಂದ ಮೇಲೆ ಮತ್ತೆ ಕುಟ್ಟಿಕೊಂಡು ಬರ್ತೀನಿ ಅಂತ.”

“ಹೇಳ್ತೀನಿ” ಎಂದೆ.

ಸಂಜೆ ಮನೆಯಲ್ಲಿ ಅವಳು ಅಡುಗೆಮನೆಯಲ್ಲಿದ್ದಾಗ ಅಮ್ಮನ ಕಿವಿಯಲ್ಲಿ ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಮ್ಮ ನನ್ನನ್ನು ನೋಡಿದರು, ಸೂರು ನೋಡಿದರು, ಇಂಗಿನ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಕಂಬದ ಕಡೆ ತಿರುಗಿ, ಒಳಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: “ಕಡಲೆಕಾಯಿ ಬೀಜ ಕುಟ್ಟುವಾಗ ಒಂದು ಚೂರು ಬೆಲ್ಲ ಹಾಕಿದರೆ ಇನ್ನೂ ಚೆನ್ನಾಗಿರುತ್ತೆ ಅಂತ ಈ ಮನೇಲಿ ಯಾರಿಗಾದರೂ ಗೊತ್ತಿದೆಯೋ?”

ಅಡುಗೆಮನೆಯಲ್ಲಿ ಬಳೆಯ ಸದ್ದು ನಿಂತಿತು. ಬೆಲ್ಲದ ಡಬ್ಬಿ ತೆಗೆದ ಸದ್ದಾಯಿತು. ಗುರುವಾರ ಬೆಳಗ್ಗೆ ಕೇಳಬೇಕಾಗಿದ್ದ ಒರಳಿನ ಸದ್ದು ಗುರುವಾರ ಸಂಜೆ ಕೇಳತೊಡಗಿತು.